ಗೇಟಿನ ಮುಂದೆ ಸುಟ್ಟ ಡೀಸೆಲ್

ರಫೀಕ್ ಭಾಯ್ ತಮ್ಮ ಟೆಂಪೊ ನಿಲ್ಲಿಸುವುದು ಇಳಿಜಾರಿನಲ್ಲಿ ಮಾತ್ರ. ಸೆಲ್ಫ್ ಸ್ಟಾರ್ಟ್ ಕೆಟ್ಟು ಎಷ್ಟೋ ಕಾಲವಾಯಿತು. ಇಳಿಜಾರು ಸಿಗದಿದ್ದರೆ ಇಂಜಿನ್ ಬಂದ್ ಮಾಡುವುದೇ ಇಲ್ಲ.

ಮೊನ್ನೆ ಕಮಲಾಪುರದ ತಂಗಿಯ ತೋಟದಿಂದ ಕೆಂಪು ಬಾಳೆಗೊನೆಗಳ ಜೊತೆ ನಾನೂ ಅದೇ ಟೆಂಪೊ ಹತ್ತಿದೆ. (ಗೊನೆಗಳಿಗೆ ಒಣ ಬಾಳೆಲೆಯ ಮೆತ್ತೆ, ನನಗೆ ಹರಿದ ಸೀಟು.) ಕಲಬುರಗಿ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಸುತ್ತ ಸಪಾಟು ನೆಲ. ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಇಲ್ಲ. ಟೆಂಪೊ ನಿಂತಿದೆ, ಉರಿಯುವ ಡೀಸೆಲ್ ಮೇಲಿನ ಟ್ಯಾಕ್ಸ್ ಓಡುತ್ತಿದೆ!

ಅಂಕಣ ಬರೆಯುವವಳ ಬಾಯಿ ಸುಮ್ಮನಿರುತ್ತದೆಯೇ? "ಭಾಯ್, ಡೀಸೆಲ್ ಟ್ಯಾಕ್ಸಿನಾಗ ಒಂದು ಪಾಲು ಈ ಗೂಡ್ಸ್ ರೈಲಿಗೆ ಹಾಕಬೇಕ್ರಿ. ಸಣ್ಣ ಸ್ಟೇಷನ್‌ದಾಗೂ ಮಾಲು ಏರಸಾಕ ಜಾಗ ಆಗ್ಬೇಕು" ಎಂದೆ.

ಅವರು ನನ್ನತ್ತ ತಿರುಗಿದರು. "ಡೀಸೆಲ್ ನಂದು, ಟ್ಯಾಕ್ಸ್ ನಂದು. ಅದರಾಗ ರೈಲ್ ಓಡಿಸಿ ನನ್ನ ಹೊಟ್ಟಿ ಮ್ಯಾಲೇ ಹೊಡೀತೀರೇನ್ರಿ ಅಕ್ಕಾ? ಇದೊಂದು ಗಾಡಿ ಮ್ಯಾಲ ಮನಿ ನಡದದ."

ಕೇಳಬೇಕಾದ ಪ್ರಶ್ನೆಯೇ. ಆದರೂ ನಾನು ಬಿಡಲಿಲ್ಲ.

ನಮ್ಮ ತೊಗರಿಬೇಳೆ ದೂರದ ಊರುಗಳಿಗೆ ಲಾರಿಯಲ್ಲೇ ಏಕೆ ಹೋಗಬೇಕು? ಆ ಭಾರಕ್ಕೆ ಕಿತ್ತುಹೋಗುವುದು ಯಾರು ಓಡಾಡುವ ರಸ್ತೆ? ರಿಪೇರಿಗೆ ಮತ್ತೆ ನಮ್ಮದೇ ದುಡ್ಡು. ದೂರದ ಹೊರೆ ಹಳಿಯ ಮೇಲೆ ಹೋಗಲಿ. ಹೊಲದಿಂದ ಸ್ಟೇಷನ್ನಿಗೆ ಟೆಂಪೊ ಬೇಕೇ ಬೇಕಲ್ಲ? ರೈಲೇನು ಹೊಲದ ಬದುವಿಗೆ ಬಂದು ನಿಲ್ಲುತ್ತದೆಯೇ? ರಫೀಕ್ ಭಾಯ್ ಬಾಡಿಗೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅವರು ಗಡ್ಡ ಕೆರೆದುಕೊಂಡರು. "ಮಾತು ಬರೋಬರಿ ಅದ. ಆದ್ರ ಆ ಸ್ಟೇಷನ್ ಮುಂದ ಇಳಿಜಾರ ಇರ್ತದೇನ್ರಿ?"

ಇಬ್ಬರೂ ಜೋರಾಗಿ ನಕ್ಕೆವು. ಆ ನಗುವಿನಲ್ಲಿ ಅವರ ಕಾಲು ಕ್ಲಚ್ಚಿನಿಂದ ಜಾರಿ ಇಂಜಿನ್ ಬಂದ್ ಆಯಿತು. ಅದೇ ಹೊತ್ತಿಗೆ ಗೇಟು ತೆರೆಯಬೇಕೇ? ಹಿಂದಿನಿಂದ ಹಾರನ್ನೋ ಹಾರನ್ನು. ಅವರು ಸ್ಟೇರಿಂಗ್ ಬಿಡುವಂತಿಲ್ಲ. ನಾನೇ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ದಬ್ಬಿದೆ. ಹಿಂದಿನ ಲಾರಿಯ ಡ್ರೈವರ್ ಬೈಯುತ್ತಲೇ ಬಂದು ಹೆಗಲು ಕೊಟ್ಟ. ಟೆಂಪೊ ಕೆಮ್ಮಿ ಎದ್ದಿತು.

ಟ್ಯಾಕ್ಸ್ ಕಟ್ಟುವವರೆಲ್ಲ ಸೇರಿ ಗಾಡಿ ದಬ್ಬಿದ್ದಾಯಿತು. ಟ್ಯಾಕ್ಸ್ ತೆಗೆದುಕೊಂಡವರು ಕೈ ಹಚ್ಚುವುದು ಯಾವಾಗ?