ದೊರೆಕಲ್ಲಿನ ಕೆಳಗೆ ಯಾರು?

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಏಳನೇ ಕ್ಲಾಸಿಗೆ. ಲಾರಿ ಕ್ಲೀನರ್ ಆದೆ, ಡ್ರೈವರ್ ಆದೆ, ಈಗ ಸ್ವಂತ ಜೆಸಿಬಿ ಇಟ್ಟಿದ್ದೇನೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಎಮ್ಮೆದೊಡ್ಡಿ ಕಡೆಯ ನಮ್ಮ ಹಳ್ಳಿಗೆ ಬಸ್ಸು ಬರಬೇಕಾದರೆ ತಿರುವಿನಲ್ಲಿ ರಸ್ತೆ ಅಗಲವಾಗಬೇಕಿತ್ತು. ಆ ಕೆಲಸ ನನಗೇ ಬಂತು. ತಿರುವಿನ ಒಂದು ಪಕ್ಕ ನನ್ನ ತೆಂಗು, ಇನ್ನೊಂದು ಪಕ್ಕ ಅಮೃತಮಹಲ್ ದನ ಮೇಯಲು ಬಿಟ್ಟ ಹುಲ್ಲಿನ ಕಾವಲು, ಅದರ ಅಂಚಿಗೆ ದೊರೆಕಲ್ಲು. ಕಲ್ಲಿನ ನೆತ್ತಿಯ ಮೇಲೆ ಶಿಲುಬೆಯಂಥ ಗುರುತಿದೆ. ಕೆಳಗೆ ಇಂಗ್ಲಿಷ್ ದೊರೆಯನ್ನು ಮಣ್ಣು ಮಾಡಿದ್ದಾರೆಂದು ಊರೆಲ್ಲ ನಂಬಿ ಸೋಮವಾರ ದೀಪ ಹಚ್ಚುತ್ತದೆ. ಹಸು ಕರು ಹಾಕಿದರೆ ಮೊದಲ ಗಿಣ್ಣೂ ಅಲ್ಲಿಗೇ. ಕಲ್ಲು ಕಿತ್ತರೆ ನನ್ನ ಮರ ಉಳಿಯುತ್ತಿದ್ದವು. ಆದರೆ ಅವ್ವ ಅಡ್ಡ ನಿಂತಳು.

“ಪರದೇಶಿ ಕಣೋ ಅವ್ನು. ಮಲಗಿರೋನ ಮೇಲೆ ಮಿಷಿನ್ ಹತ್ತಿಸ್ತೀಯಾ? ಅಲ್ಲಿಲ್ಲ ಅಂತ ತಿಳ್ಕೊಂಡು ಬಾ, ಆಮೇಲೆ ಕಿತ್ಕೋ.”

ಬುಧವಾರ ಎಮ್ಮೆದೊಡ್ಡಿವರೆಗೆ ನಡೆದು, ಮೊದಲ ಬಸ್ಸಿಗೆ ಕಡೂರಿಗೆ ಹೊರಟೆ. ಬಸ್ಸಿನ ತುಂಬ ಹೆಂಗಸರು. ಅವರಿಗೆ ಟಿಕೆಟ್ಟಿಲ್ಲ, ಕಾಸು ಕೊಟ್ಟ ನಾನು ನಿಂತೇ ಹೋದೆ. ತಾಲ್ಲೂಕು ಕಚೇರಿಯ ಹತ್ತಿರ ಪತ್ರ ಬರೆಯುವ ಹಿರಿಯರೊಬ್ಬರಿದ್ದಾರೆ. ಅವರ ಮುತ್ತಜ್ಜ ಅಮಲ್ದಾರರ ಕೈಕೆಳಗೆ ಇದ್ದವರಂತೆ. ದೊರೆ ಮೀಸೆ ಚಿಗುರದ ವಯಸ್ಸಿನಲ್ಲಿ ದಂಡಿನ ಜೊತೆ ಬಂದ, ಕನ್ನಡ ಕಲಿತ, ಕಂದಾಯದ ಕೆಲಸ ಹಿಡಿದು ಕುದುರೆಯ ಮೇಲೆ ಊರೂರು ಅಳೆಸಿದ ಎಂದು ಹೇಳಿದರು. ಸತ್ತದ್ದೆಲ್ಲಿ ಎಂಬುದು ಅವರಿಗೂ ತಿಳಿಯದು. ಆಮೇಲೆ ಅವನು ತರೀಕೆರೆಯಲ್ಲಿದ್ದ, ಅಲ್ಲಿ ವಿಚಾರಿಸು ಎಂದರು. ತಟ್ಟೆ ಇಡ್ಲಿ ತಿಂದು ರೈಲು ಹತ್ತಿದೆ. ಬೀರೂರು ದಾಟಿದ ಮೇಲೆ ಗಾಳಿ ತಂಪಾಯಿತು.

ತರೀಕೆರೆಯಲ್ಲಿ ಹಳೇ ಬಂಗಲೆಯ ಕಾವಲುಗಾರ ಸಿಕ್ಕಿದ. ದೊರೆಗೆ ಇಲ್ಲಿ ಬಡ್ತಿ ಸಿಕ್ಕಿತು, ಚಳಿಜ್ವರವೂ ಸಿಕ್ಕಿತು. ಕೊನೆಗೆ ದನಗಳ ಇಲಾಖೆ ಕೊಟ್ಟು ಅಜ್ಜಂಪುರದ ಕಡೆ ಕಳಿಸಿದರು ಎಂದ. ಜ್ವರದಲ್ಲೇ ತೀರಿಕೊಂಡನೇನೋ ಎಂದು ಕೇಳಿದೆ.

“ನಮ್ ಬಂಗ್ಲೆಯಲ್ಲಂತೂ ಸತ್ತಿಲ್ಲ ಕಣ್ರೀ. ಸತ್ತಿದ್ರೆ ಇಷ್ಟೊತ್ತಿಗೆ ದೆವ್ವ ಆಗಿ ನನ್ ಬೀಡಿ ಕದೀತಿದ್ದ.”

ಆ ರಾತ್ರಿ ತರೀಕೆರೆಯಲ್ಲೇ ನೆಂಟರ ಮನೆಯಲ್ಲಿ ಉಳಿದು, ಬೆಳಗ್ಗೆ ಬಸ್ಸಿನಲ್ಲಿ ಅಜ್ಜಂಪುರ ಸೇರಿದೆ. ತುಂತುರು ಹನಿಯುತ್ತಿತ್ತು. ದನ ಕಾಯುವುದರಲ್ಲೇ ಆಯಸ್ಸು ಸವೆಸಿದ ಮುದುಕರೊಬ್ಬರು ನನ್ನ ಮಾತು ಪೂರ್ತಿ ಕೇಳಿ, ಕಾವಲಿನ ಅಂಚಿಗೆ ಕರೆದೊಯ್ದರು. ಅಲ್ಲಿ ನಮ್ಮ ದೊರೆಕಲ್ಲಿನಂಥದೇ ಕಲ್ಲು, ನೆತ್ತಿಯ ಮೇಲೆ ಅದೇ ಗುರುತು. ಉದ್ದ ಕೊಂಬಿನ ಹಸುವೊಂದು ಅದಕ್ಕೆ ಕತ್ತು ಉಜ್ಜುತ್ತ ನಿಂತಿತ್ತು. ದೂರದಲ್ಲಿ ಅಂಥದೇ ಇನ್ನೊಂದು ಕಲ್ಲು, ಅದರಾಚೆ ಮತ್ತೊಂದು.

“ಇಷ್ಟೂ ಕಡೆ ಒಬ್ಬನ್ನೇ ಹೂತಿದ್ರೇನಪ್ಪಾ?” ಎಂದರು. “ಬಾಂದುಕಲ್ಲು ಇದು. ಅಳತೆ ಮಾಡೋರು ಹಾಕಿದ ಗುರುತು, ಶಿಲುಬೆಯಲ್ಲ. ಇದರಾಚೆ ನೇಗಿಲು ಹೋಗಬಾರ್ದು ಅಂತ ದೊರೆ ನೆಡ್ಸಿದ್ದು. ಅವ್ನು ಪಿಂಚಣಿ ತಗೊಂಡು ಹಡಗು ಹತ್ತಿ ಊರಿಗೆ ಹೋದ.”

ನನಗೆ ಖುಷಿಯಾಯಿತು. ಹಾಗಾದರೆ ಕೀಳಬಹುದಲ್ಲ ಎಂದೆ. ಮುದುಕರು ನನ್ನನ್ನೇ ನೋಡಿದರು.

“ದೊರೆ ಒಳ್ಳೇವ್ನೇನಲ್ಲ. ನಮ್ಮ ಹಿರೀಕರ ಬೆನ್ನಿಗೆ ಚಾಟಿ ಏಟು ಹಾಕ್ಸಿದ್ದ. ಆದ್ರೆ ಹುಲ್ಲು ಉಳೀತು. ನೀನಿವತ್ತು ಒಂದ್ ಕಲ್ಲು ಕೀಳು, ನಾಳೆ ಅಲ್ಲಿ ಟ್ರ್ಯಾಕ್ಟರ್ ಇಳೀತದೆ. ದನ ಯಾರ್ನ ಕೇಳ್ಬೇಕು?”

ವಾಪಸು ಬರುವ ದಾರಿಯುದ್ದಕ್ಕೂ ಕಿಟಕಿಯಾಚೆ ಎಲ್ಲೆಲ್ಲಿ ಹುಲ್ಲು ಉಳಿದಿದೆ, ಎಲ್ಲೆಲ್ಲಿ ಉತ್ತುಬಿಟ್ಟಿದ್ದಾರೆ ಎಂದೇ ನೋಡುತ್ತ ಬಂದೆ.

ಕಲ್ಲಿನ ಕೆಳಗೆ ಯಾರೂ ಇಲ್ಲ ಎಂದು ಅವ್ವನಿಗೆ ಹೆದರುತ್ತಲೇ ಹೇಳಿದೆ. ಇಷ್ಟು ವರ್ಷದ ದೀಪ ಬರೀ ಕಲ್ಲಿಗಾಯಿತೆಂದು ನೊಂದುಕೊಳ್ಳುತ್ತಾಳೆ ಅಂದುಕೊಂಡಿದ್ದೆ.

“ಊರು ಸೇರ್ಕೊಂಡ್ನಾ? ಪುಣ್ಯಾತ್ಮ. ಅವನವ್ವ ಕಾಯ್ತಿದ್ಲೇನೋ,” ಎಂದಳು. ಆಮೇಲೆ, “ಸರಿ ಹೋಗು, ಕಿತ್ಕೋ,” ಎಂದಳು.

ಕೀಳಲಿಲ್ಲ. ಭಾನುವಾರ ಮಿಷಿನ್ನನ್ನು ನನ್ನ ಹೊಲದ ಕಡೆಗೇ ತಿರುಗಿಸಿ, ತಿರುವಿನ ಏಳು ತೆಂಗಿನ ಮರ ನಾನೇ ಉರುಳಿಸಿದೆ. ತಲೆ ಕೆಟ್ಟಿದೆ ಎಂದವರೂ ಉಂಟು. ತಿಂಗಳೊಳಗೆ ಬಸ್ಸು ಬಂತು.

ಈಗ ನನಗಿರುವುದು ಒಂದು ಜೆಸಿಬಿ, ಎರಡು ಹಸು, ಮೂರು ಗುಂಟೆ ಕಡಿಮೆ ಎರಡೆಕರೆ ನೆಲ, ಅರವತ್ತೊಂದು ತೆಂಗಿನ ಮರ, ಮನೆ ಮುಂದೆ ದಿನಕ್ಕೆರಡು ಬಸ್ಸು.