ರಾಶಿಯ ಮುಂದೆ ಸಿಟ್ಟು

ಐವತ್ತಾರನೆಯ ಇಸವಿಯ ನನ್ನ ಡೈರಿಯಲ್ಲಿ ಒಂದು ದಿನ ಹೀಗೆ ಬರೆದಿದೆ: ‘ಇಂದು ನಾಗುವನ್ನು ಶಾಂತವಾಗಿ ತಿದ್ದಿದೆ.’ ಅಕ್ಷರ ನನ್ನದೇ, ಮಾತು ಮಾತ್ರ ಪೂರ್ತಿ ನಿಜವಲ್ಲ. ನಾನು ಶಾಂತವಾಗಿರಲಿಲ್ಲ, ನನ್ನ ಬಾಯಿಗೆ ಬೀಗ ಬಿದ್ದಿತ್ತು!

ನಾಗು ನನ್ನ ಮಗಳು, ಆಗ ಐದು ವರ್ಷ. ನಾನೋ ಮೈಸೂರಿನಲ್ಲಿ ಬಿ.ಎ. ಮುಗಿಸಿದವನು, ಮಕ್ಕಳನ್ನು ಬೆಳೆಸುವ ಬಗೆಯನ್ನು ಕುರಿತು ಪರೀಕ್ಷೆಯಲ್ಲಿ ಆರು ಪುಟ ಬರೆದಿದ್ದೆ. ಆ ಆರು ಪುಟಗಳಲ್ಲಿ ಮಸಿ ಕುಡಿಕೆ ಉರುಳಿಸುವ ಮಕ್ಕಳು ಇರಲಿಲ್ಲ. ನಾಗು ಉರುಳಿಸಿದಳು. ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಜಗ್ಗಿತಂತೆ. ಇದು ಹೆಂಡತಿ ಹೇಳಿದ್ದು. ನನಗೆ ನೆನಪಿಲ್ಲ, ಬಯ್ದವರಿಗೆ ಬೈಗುಳ ಬೇಗ ಮರೆತುಹೋಗುತ್ತದೆಯೋ ಏನೋ. ನಾಗುವಿಗೆ ಮರೆತಿರಲಿಲ್ಲ. ಎರಡು ದಿನ ನಾನು ಒಳಗೆ ಬಂದರೆ ಅವಳು ಹೊರಗೆ. ಮಗು ನನಗೆ ಹೆದರುತ್ತಿತ್ತು.

ಮೂರನೆಯ ದಿನ ಹನಗೋಡಿನ ನನ್ನ ಮಾವನ ಮನೆಯಲ್ಲಿ ರಾಗಿ ಒಕ್ಕಣೆ. ಎಲ್ಲರೂ ಹೋದೆವು. ತೂರಿದ ರಾಗಿಯನ್ನು ಕಣದ ನಡುವೆ ರಾಶಿ ಹಾಕಿ, ಹೆಂಡತಿಯ ದೊಡ್ಡಮ್ಮ ಸುತ್ತ ಬೂದಿಯ ಗೆರೆ ಎಳೆದರು. ಗೆರೆ ಬಿದ್ದ ಮೇಲೆ, ಅಳೆದು ಮುಗಿಯುವ ತನಕ, ಕಣದಲ್ಲಿ ಯಾರೂ ದನಿ ಎತ್ತುವಂತಿಲ್ಲ. ಸಿಟ್ಟಿನ ಮಾತು ಕಿವಿಗೆ ಬಿದ್ದರೆ ರಾಶಿಯ ಲಕ್ಷ್ಮಿ ಎದ್ದು ಹೋಗುತ್ತಾಳೆ.

ಆಗಲೇ ನಾಗು ಗೆರೆ ದಾಟಿ ಓಡಿ ರಾಶಿಯ ನೆತ್ತಿ ಹತ್ತಿದ್ದು! ಜರ್ರನೆ ಜಾರಿದಳು, ಮತ್ತೆ ಹತ್ತಿದಳು. ವರ್ಷದ ಮುದ್ದೆ ಅವಳ ಕಾಲಡಿ ಚೆಲ್ಲಾಡುತ್ತಿದೆ! ನಾನು ನುಗ್ಗಿ ಬಾಯಿ ತೆರೆದೆ. ದೊಡ್ಡಮ್ಮ ರಟ್ಟೆ ಹಿಡಿದು ಪಿಸುಗುಟ್ಟಿದರು: “ಅಳಿಯಂದ್ರೇ, ರಾಸಿ ಮುಂದೆ ಸಿಟ್ಟು ಮಾಡ್ಬಾರ್ದು ಕಣ್ರೀ! ಮೆತ್ತಗೆ ಕರೀರಿ.”

ಮೆತ್ತಗೆ ಕರೆಯುವುದು ನನ್ನ ಬಾಯಿಗೆ ಬಾರದು. ಕಣ್ಣು ಕೆಂಪಾಗಿಸಿದೆ, ತುಟಿ ಕಚ್ಚಿದೆ, ಹುಬ್ಬು ಗಂಟಿಕ್ಕಿದೆ. ಅಲಂಕಾರಶಾಸ್ತ್ರದವರು ರೌದ್ರಕ್ಕೆ ಹೇಳಿದ ಲಕ್ಷಣಗಳಲ್ಲಿ ಒಂದನ್ನೂ ಬಿಡಲಿಲ್ಲ. ಆದರೆ ದನಿಯಿಲ್ಲದ ರೌದ್ರ ನೋಡುವವರಿಗೆ ಹಾಸ್ಯವಾಗುತ್ತದೆಂದು ಅವರು ಏಕೆ ಬರೆಯಲಿಲ್ಲ? ನಾಗು ಎರಡು ದಿನಗಳ ಮೇಲೆ ಮೊದಲ ಸಲ ನಕ್ಕಳು. ನಾನು ಬೆರಳು ಆಡಿಸಿದರೆ ಅವಳೂ ಆಡಿಸಿದಳು. ಬಾಮೈದ ಬಾಯಿಗೆ ಟವಲು ಒತ್ತಿಕೊಂಡು, “ಭಾವ, ನಾಟ್ಕದೋರು ಕಂಡ್ರೆ ನಿಮ್ಮನ್ನ ಬುಡಾಕಿಲ್ಲ!” ಎಂದ.

ಹೊರಬರಲು ದಾರಿ ಸಿಗದ ಸಿಟ್ಟು ಎಷ್ಟು ಹೊತ್ತು ನಿಂತೀತು? ಸುಸ್ತಾಗಿ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. “ಅದು ನಾವು ಉಣ್ಣೋ ರಾಗಿ ಕಣವ್ವ. ಉಣ್ಣೋದನ್ನ ತುಳೀಬಾರ್ದು. ಇಳಿ,” ಎಂದು ಪಿಸುಗುಟ್ಟಿದೆ.

ಅವಳೂ ಪಿಸುಗುಟ್ಟಿದಳು: “ಅಪ್ಪಾ, ಇವತ್ಯಾಕೆ ನೀನು ಬಯ್ತಿಲ್ಲ?”

“ರಾಸಿ ಮುಂದೆ ಬಯ್ಬಾರ್ದಂತೆ.”

ನಾಗು ಯೋಚಿಸಿದಳು. “ಅಂಗಾರೆ ನಾನು ಇಲ್ಲೇ ಇರ್ತೀನಿ.”

ಸುತ್ತಲಿನವರ ಭುಜಗಳು ನಗೆಯಲ್ಲಿ ಕುಲುಕುತ್ತಿದ್ದವು. ನನಗೆ ಮಾತ್ರ ನಗು ಬರಲಿಲ್ಲ.

“ಇಳಿದ್ರೂ ಬಯ್ಯಲ್ಲ, ಬಾ.”

“ಅಳೆದಾದ್ಮೇಲೆ?”

“ಅಳೆದಾದ್ಮೇಲೂ ಇಲ್ಲ.”

ಅವಳು ನನ್ನ ಮುಖವನ್ನು ಒಂದು ಗಳಿಗೆ ಓದಿದಳು. ಆಮೇಲೆ ಮೆಲ್ಲಗೆ ಇಳಿದು ಕೈ ಚಾಚಿದಳು. ಇಬ್ಬರೂ ಕೂತು ಚೆಲ್ಲಿದ ರಾಗಿಯನ್ನು ಬೊಗಸೆಯಲ್ಲಿ ರಾಶಿಗೆ ಸೇರಿಸಿದೆವು. ಲಂಗದ ನೆರಿಗೆಯಲ್ಲಿ ಸಿಕ್ಕಿದ್ದನ್ನೂ ಅವಳೇ ಕೊಡವಿ ಹಾಕಿದಳು. ಆರು ಪುಟದ ವಿದ್ಯೆ ಮಾಡದ್ದನ್ನು ಬೂದಿಯ ಒಂದು ಗೆರೆ ಮಾಡಿತ್ತು!

ನಾನು ಮಾತು ಉಳಿಸಿಕೊಂಡೆನೇ? ಡೈರಿ ಸುಮ್ಮನಿದೆ, ಆದ್ದರಿಂದ ನಾನೇ ಹೇಳಬೇಕು: ನಾಲ್ಕೇ ದಿನಕ್ಕೆ ತಪ್ಪಿದೆ. ಹಾಲು ಚೆಲ್ಲಿದ್ದಕ್ಕೆ ಮತ್ತೆ ಕೂಗಿದೆ. ಆದರೆ ಈ ಸಲ ನಾಗು ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನೆದುರಿಗೇ ನಿಂತಳು.

“ಮೆತ್ತಗೆ ಹೇಳಪ್ಪಾ,” ಎಂದಳು. “ನಂಗೆ ಕೇಳ್ತದೆ.”