ಏರಿನಲ್ಲಿ ನಿಂತ ಜೀಪು

ನಮ್ಮ ಜೀಪು ಮಾರುವುದಿಲ್ಲ ಎಂದು ಮಗ ಇವತ್ತು ಒಪ್ಪಿಕೊಂಡ. ಮೊಮ್ಮಗಳು ಮಕ್ತಲ್‌ನಿಂದ ಗದ್ವಾಲಿನವರೆಗೆ ತಾನೇ ಓಡಿಸಿ ತೋರಿಸಿದಳು. ಹಿಗ್ಗಿಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮ ಯಜಮಾನರು ತೆಲಂಗಾಣ ಬೇರೆ ರಾಜ್ಯವಾದ ವರ್ಷವೇ ತೀರಿಕೊಂಡರು. ಅವರ ಜೀಪನ್ನು ಮಗ ಓಡಿಸತೊಡಗಿದ ಮೇಲೆ ಎರಡು ಸಲ ಕ್ಲಚ್ ಸುಟ್ಟುಹೋಯಿತು. "ಹಳೇದಾತವ್ವ, ಕೊಟ್ಟುಬಿಡೂಣು" ಎಂದ. ಗಾಡಿ ಹೋದರೆ ಅವರ ಪಕ್ಕದ ನನ್ನ ಸೀಟೂ ಹೋಗುತ್ತದಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ನಾನು ಶಾಲೆಯಲ್ಲಿ ಮೂರನೇ ಇಯತ್ತೆ ದಾಟಿದವಳಲ್ಲ. ಆದರೆ ಆ ಸೀಟಿನಲ್ಲಿ ಕೂತು ಅವರ ಎಡಗಾಲನ್ನು ವರ್ಷಗಟ್ಟಲೆ ನೋಡಿದ್ದೆ. ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಅಂಗಾಲಿಗೇ ತಿಳಿಯಲಿ ಎಂದು ಆ ಕಾಲಿನ ಚಪ್ಪಲಿ ಬಿಚ್ಚಿಟ್ಟು ಓಡಿಸುತ್ತಿದ್ದರು. ಗೇರು ಬದಲಾದ ಕೂಡಲೇ ಪಾದವನ್ನು ಪೂರಾ ತೆಗೆದು ಕೆಳಗಿಡುತ್ತಿದ್ದರು. ಮೊಮ್ಮಗಳಿಗೆ ಅದನ್ನೇ ಹೇಳಿಕೊಟ್ಟೆ.

ಇವತ್ತು ಜೂರಾಲ ಅಣೆಕಟ್ಟೆಯ ಹತ್ತಿರದ ಏರಿನಲ್ಲಿ ಮುಂದಿನ ಲಾರಿ ನಿಂತುಬಿಟ್ಟಿತು. ಹಿಂದೆ ಕೂತಿದ್ದ ಮಗ ತನ್ನ ಮಗಳಿಗೆ, "ಕ್ಲಚ್ ಅರ್ಧ ಒತ್ತಿ ಹಿಡಿಯವ್ವ, ಹಿಂದಕ್ಕ ಜಾರತೈತಿ" ಎಂದ.

"ಹಂಗ ಹಿಡಿದs ನೀ ಎರಡು ಸುಟ್ಟೀದಿ. ಸುಮ್ಮನ ಕುಂದರಪಾ" ಎಂದೆ.

ಮೊಮ್ಮಗಳು ನಕ್ಕು, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಕಾಲು ಕೆಳಗಿಟ್ಟಳು. ಲಾರಿ ಹೊರಟಾಗ ಜೀಪು ಸುಟ್ಟ ವಾಸನೆ ಇಲ್ಲದೆ, ಅದುರದೆ ಏರು ಹತ್ತಿತು. ಅವರೇ ಓಡಿಸುತ್ತಿದ್ದಾರೆ ಅನ್ನಿಸಿತು. ಹಾಗೇ ಅನ್ನಿಸುತ್ತಿರಲಿ ಎಂದು ಸ್ವಲ್ಪ ಹೊತ್ತು ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ಸಂಜೆ ಮನೆಮಂದಿಯೆಲ್ಲ ಸುತ್ತ ಕೂತು ರೊಟ್ಟಿ, ಪುಂಡಿಪಲ್ಯ ಉಂಡೆವು. ಮಗ ತನ್ನ ಮಗಳ ತಾಟಿಗೆ ಬೆಣ್ಣೆ ಹಾಕುತ್ತ, "ನಾಳಿಂದ ಗಾಡಿ ನೀನs ಹೊಡಿ, ನಾ ಹಿಂದ ಕುಂದರತೀನಿ" ಎಂದ.